ಸೀಸದ ತಿಂಗಳು

ಕಾರ್ತಿಕದ ಚಳಿ. ಹಾಸನದ ಸಂತೆಪೇಟೆಯಲ್ಲಿ
ಬೆಳಗಿನ ಜಾವ ನಾಲ್ಕೂವರೆ.
ಕೆಳಗೆ ಖೈರುನಮ್ಮನ ಪೊರಕೆ
ನಮ್ಮ ಅಂಗಡಿ ಮುಂದಿನ ಚರಂಡಿ ಕೆರೆಯುತ್ತಿದೆ.
ಮಹಡಿಯಲ್ಲಿ ನಾನು, ಕಂಬಳಿ ಹೊದ್ದು, ರಾತ್ರಿಪಾಳಿಯಲ್ಲಿ,
ಪರದೆಯ ಮೇಲೆ ಸೀಸಕ್ಕೆ ಸೀಸ
ಡಿಕ್ಕಿ ಹೊಡೆಯುವುದನ್ನು ಕಾಯುತ್ತ.

ಡಿಕ್ಕಿ ನಡೆಯುವುದು ಬಹಳ ದೂರದಲ್ಲಿ,
ನೆಲದಡಿಯ ಸುರಂಗದಲ್ಲಿ.
ಇಪ್ಪತ್ತೇಳು ಕಿಲೋಮೀಟರಿನ ಉಂಗುರ ಅಂದಾಗ
ಅಪ್ಪ ಕೇಳಿದ್ದ: "ಯಾವ ಬೆರಳಿಗೆ?"

ಬೋರ್ಡಿನ ಮೇಲೆ 'ಚನ್ನಾಚಾರ್ ಅಂಡ್ ಸನ್ಸ್'.
ಸನ್ಸ್ ಅಂದರೆ ನಾನೊಬ್ಬಳೇ.
ಹಗಲು ಕಾಲೇಜಿನಲ್ಲಿ ಓಮನ ನಿಯಮ,
ವರ್ಷಕ್ಕೊಂದು ತಿಂಗಳು ಈ ಕಾವಲು:
ಯಾವ ಮೂಲೆಯ ಪತ್ತೆಯಂತ್ರ ಕಪ್ಪಾಯಿತು,
ಯಾವ ಗೆರೆ ತನ್ನ ಬಣ್ಣ ಬಿಟ್ಟಿತು ಎಂದು ನೋಡಿ
ಫೋನು ಮಾಡುವುದು. ಅಷ್ಟೇ.

ಎರಡು ಸೀಸದ ಪರಮಾಣು ಹೃದಯಗಳು
ಓರೆಯಾಗಿ ತಾಗುತ್ತವೆ, ಬಹಳ ಸಲ.
ನಡುವೆ ಸಿಕ್ಕ ಜಾಗಕ್ಕೆ ಬಾದಾಮಿಯ ಆಕಾರ.
ಸೂರ್ಯನ ಒಡಲಿಗಿಂತ ಲಕ್ಷಪಟ್ಟು ಬಿಸಿ.
ಅಲ್ಲಿ ಕರಗುವುದು ಸೀಸವಲ್ಲ,
ಸೀಸದೊಳಗಿನ ಪ್ರೋಟಾನು;
ಕ್ವಾರ್ಕುಗಳನ್ನು ಹಿಡಿದಿಟ್ಟ ಬೆಸುಗೆಯೇ ಬಿಡುತ್ತದೆ.

"ಎಂಥಾ ಬೆಸುಗೆ?" ಅಪ್ಪ ಊದುಗೊಳವೆ ಕೆಳಗಿಟ್ಟ.
ಗ್ಲುವಾನ್ ಅಂತ, ಅಂದೆ. ಎಳೆದಷ್ಟೂ ಬಿಗಿಯುತ್ತೆ,
ಇನ್ನೂ ಎಳೆದರೆ ತುಂಡಾದ ಜಾಗದಲ್ಲಿ
ಹೊಸ ಜೋಡಿ ಹುಟ್ಟುತ್ತೆ,
ಒಂಟಿ ಕ್ವಾರ್ಕನ್ನು ಯಾರೂ ಕಂಡಿಲ್ಲ.
ಅಪ್ಪ ಬೆಳಿಗಾರದ ಡಬ್ಬಿ ತಿರುಗಿಸಿ ನೋಡಿದ.
"ನಲವತ್ತು ವರ್ಷದಿಂದ ಹಾಕ್ತಿದೀನಿ,
ಎಳೆದ್ರೆ ಬಿಡೋ ಬೆಸುಗೆಯೇ ಎಲ್ಲ."

ಕರಗಿದ್ದು ಆವಿಯಂತೆ ಚದುರೀತು
ಎಂದುಕೊಂಡಿದ್ದರಂತೆ ಎಲ್ಲರೂ.
ಅದು ಹರಿಯಿತು.
ಮೂಸೆಗೆ ಅಂಟದೆ ಉರುಳುವ ಹನಿಗಿಂತ ನುಣ್ಣಗೆ,
ಬಾದಾಮಿಯ ಕಿರಿಯ ಅಗಲದ ಕಡೆಗೆ ಹೆಚ್ಚು ರಭಸ.
ಹರಿದದ್ದು ಎಷ್ಟು ಹೊತ್ತು ಎಂದು ಕೇಳಬೇಡಿ.
ರೆಪ್ಪೆ ಅಂದರೆ ಅದಕ್ಕೆ ಯುಗ.
ಮತ್ತೆ ಎಲ್ಲ ಹೆಪ್ಪುಗಟ್ಟಿ, ಸಾವಿರಾರು ಕಣವಾಗಿ ಸಿಡಿದು,
ನಮಗೆ ಸಿಗುವುದು ಸಿಡಿದದ್ದು ಮಾತ್ರ.

ಒಮ್ಮೊಮ್ಮೆ ಬೆನ್ನಿಗೆ ಬೆನ್ನಾಗಿ ಎರಡು ಧಾರೆ ಚಿಮ್ಮಬೇಕು.
ಒಂದು ಚಿಮ್ಮುತ್ತದೆ.
ಇನ್ನೊಂದು ಸೊರಗಿ, ಚೂರುಚೂರಾಗಿ ಬರುತ್ತದೆ,
ದಾರಿಯುದ್ದಕ್ಕೂ ಸುಂಕ ಕಟ್ಟಿದ ಹಾಗೆ.
ಎಷ್ಟು ಕಟ್ಟಿತು ಎಂಬುದೇ ನನ್ನ ಲೆಕ್ಕ.

ಇನ್ನು ತಾಗದೆ, ಕೂದಲೆಳೆಯಲ್ಲಿ ಹಾದುಹೋಗುವ ಸೀಸ ಇದೆಯಲ್ಲ,
ಅದರಲ್ಲಿ ಕೆಲವು ಮೂರು ಪ್ರೋಟಾನು ಉದುರಿಸಿಕೊಂಡು
ಬಂಗಾರವಾಗುತ್ತವೆ.
ಇದನ್ನು ಹೇಳಬಾರದಿತ್ತು.
ಅಪ್ಪ ತಕ್ಕಡಿ ಮುಟ್ಟಿಕೊಂಡ. "ಎಷ್ಟು ಗುಲಗಂಜಿ ಆಯ್ತದೆ?"
ಕರೆಂಟು ಬಿಲ್ಲಿನ ಹಿಂದೆ ಗುಣಿಸಿದೆ,
ಸೊನ್ನೆಗಳು ಕಾಗದದ ಅಂಚು ದಾಟಿದವು.
ಅಪ್ಪ ಹತ್ತೂ ಬೆರಳು ಚಾಚಿ ನಕ್ಕ:
"ಅದಕ್ಕಿಂತ ಜಾಸ್ತಿ ನನ್ನ ಉಗುರಸಂದೀಲಿ ಐತೆ."

ತಪ್ಪಿಸಿಕೊಂಡದ್ದು ಬಂಗಾರ,
ತಾಗಿದ್ದು ಬೂದಿ.
ನನಗೆ ಬೇಕಾದದ್ದು ಬೂದಿ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತದೆ ಊರು;
ಖೈರುನಮ್ಮ ಅಕ್ಕಸಾಲಿಯದನ್ನೂ ಬಿಡಳು.
ಅಪ್ಪನ ಉಗುರು, ಉಸಿರು, ಕೈ ತೊಳೆದ ನೀರು,
ಚಾಪೆ ಕೊಡವಿದ ದೂಳು, ಎಲ್ಲ ಅವಳ ಬಕೆಟ್ಟಿಗೆ.

ಐದಕ್ಕೆ ಪರದೆ ತಟ್ಟನೆ ಖಾಲಿ: ಕಿರಣ ಬಿತ್ತು,
ಮತ್ತೆ ತುಂಬಲು ಎರಡು ತಾಸು.
ಕೆಳಗಿಳಿದೆ. ಮರಿಗೆ ತಿರುಗುತ್ತಿತ್ತು,
ಕೆಸರು ಅಂಚಿನಿಂದ ಜಾರಿ ಹೋಗುತ್ತಿತ್ತು.
ಯಾವ ಹಿಡಿಯಲ್ಲಿ ಚಿನ್ನ ಅಂತ
ಹೇಗೆ ಗೊತ್ತಾಗುತ್ತೆ ಖೈರುನಮ್ಮ?

"ಗೊತ್ತಾಗಲ್ಲಮ್ಮ," ಅಂದಳು ತಲೆ ಎತ್ತದೆ.
"ಅದಕ್ಕೇ ಎಲ್ಲಾನೂ ತೊಳೀಬೇಕು.
ಸುಮ್ನೆ ನಿಂತಿದೀಯಲ್ಲ, ನಲ್ಲಿ ಬಿಡು."

ನಲ್ಲಿ ಬಿಟ್ಟೆ.
ನೀರು ಕೊರೆಯುತ್ತಿತ್ತು.